ಅವ್ವನ ರೊಟ್ಟಿ ಬುಟ್ಟಿ

ಫಾಲ್ಗುಣ ಬಂತೆಂದರೆ ಲಿಂಗಸುಗೂರಿನ ಕಡೆಯ ನಮ್ಮ ಊರ ಮುಂದಿನ ದಾರಿಯಲ್ಲಿ ಶ್ರೀಶೈಲಕ್ಕೆ ನಡೆದು ಹೊರಟವರ ಸಾಲು ಕಾಣಿಸಿಕೊಳ್ಳುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಈ ಭಕ್ತರು ಮಲ್ಲಯ್ಯನ ಕಂಬಿ ಎಂಬ ಕಾವಡಿ ಹೊತ್ತು, ಆತ್ಮಕೂರು ದಾಟಿ, ನಲ್ಲಮಲ ಕಾಡಿನ ಭೀಮನ ಕೊಳ್ಳವನ್ನು ಇಳಿದು ಹತ್ತಿ, ಯುಗಾದಿಯ ಹೊತ್ತಿಗೆ ಮಲ್ಲಿಕಾರ್ಜುನನ ಗುಡಿ ಮುಟ್ಟುತ್ತಾರೆ. ನನ್ನ ಅವ್ವ ಆ ಗುಡಿಯನ್ನು ಒಮ್ಮೆಯೂ ಕಾಣಲಿಲ್ಲ. ಅವಳ ಕೈಯ ರೊಟ್ಟಿ ಮಾತ್ರ ಪ್ರತಿ ವರ್ಷವೂ ಅಲ್ಲಿಯವರೆಗೆ ಹೋಗುತ್ತಿತ್ತು.

ಹಿಂಗಾರಿಯ ಬಿಳಿಜೋಳ ರಾಶಿಯಾಗಿ ಮನೆ ಸೇರಿದ ದಿನದಿಂದಲೇ ಅವಳ ತಯಾರಿ ಆರಂಭ. ಮನೆಯವರಿಗೆ ಬೇಕಾದಷ್ಟು ರೊಟ್ಟಿ ಬಡಿದ ಮೇಲೂ ಒಲೆ ಆರಿಸದೆ, ದಾರಿಯಲ್ಲಿ ಕೆಡದಂತೆ ಖಡಕ್ ರೊಟ್ಟಿಗಳನ್ನು ಬೇಯಿಸಿ, ಬಿಳಿ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಪೇರಿಸಿಡುತ್ತಿದ್ದಳು. ಮಧ್ಯಾಹ್ನ ಶೇಂಗಾ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದಳು. ಮಳೆ ಕೈಕೊಟ್ಟ ವರ್ಷವೂ ಬುಟ್ಟಿ ತುಂಬುತ್ತಿತ್ತು. ಅಂಥ ವರ್ಷಗಳಲ್ಲಿ ಅವಳು ಅಂಬಲಿಯಲ್ಲೇ ಊಟ ಮುಗಿಸುತ್ತಿದ್ದಳೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮಲ್ಲಿಕಾರ್ಜುನನ ಮಡದಿ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳಾದ್ದರಿಂದ, ತವರಿನ ಉಡಿಯೆಂದು ಗುಳೇದಗುಡ್ಡದ ಒಂದು ಕುಪ್ಪಸದ ಖಣವನ್ನೂ ಹಸಿರು ಬಳೆಗಳನ್ನೂ ಯಾರಾದರೂ ಪಾದಯಾತ್ರಿಯ ಕೈಯಲ್ಲಿ ಕಳಿಸುತ್ತಿದ್ದಳು. ತನಗೆಂದು ಅವಳು ಖಣ ಕೊಂಡದ್ದನ್ನು ನಾನು ನೋಡಿಲ್ಲ.

ಹುಡುಗನಾಗಿದ್ದಾಗ ನನಗೆ ಇದೆಲ್ಲ ಮುನಿಸಿನ ವಿಷಯವಾಗಿತ್ತು. ಗುರುತಿಲ್ಲದವರ ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ಹಚ್ಚುತ್ತ ಕೂತ ಅವ್ವ ನನ್ನವಳಲ್ಲವೇನೋ ಅನಿಸುತ್ತಿತ್ತು.

1998ರಲ್ಲಿ ಬೆಂಗಳೂರಿನ ಕೆಲಸ ಕಳೆದುಕೊಂಡು, ಯಾರಿಗೂ ತಿಳಿಸದೆ, ಯುಗಾದಿಗೆ ಹತ್ತು ದಿನ ಮೊದಲು ಕೊನೆಯ ಬಸ್ಸಿಗೆ ಊರಿಗೆ ಬಂದೆ. ಕರೆಂಟ್ ಇರಲಿಲ್ಲ. ಕಟ್ಟೆಯ ಬಳಿ ಹೆಜ್ಜೆ ಸಪ್ಪಳ ಕೇಳಿದ ಅವ್ವ ಒಳಗಿನಿಂದಲೇ, “ಬರ್ರಿ ಯಪ್ಪಾ, ಕಾಲಿಗೆ ನೀರ ತಗೋರಿ, ಉಂಡು ಹೋಗ್ರಿ” ಎಂದಳು. ಕಂದೀಲು ಹಿಡಿದು ಬಂದು ನನ್ನ ಮುಖ ಕಂಡ ಮೇಲೂ ಅವಳ ದನಿ ಬದಲಾಗಲಿಲ್ಲ. ತಂಬಿಗೆ ಮುಂದಿಟ್ಟು, “ಕಾಲ ತೊಳಕೋ, ಉಣ್ಣಾಕ ಬಾ” ಎಂದಳು. ಯಾಕೆ ಬಂದೆ, ಕೆಲಸ ಏನಾಯಿತು ಎಂದು ಆ ರಾತ್ರಿ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಮಗನೆಂದು ತಿಳಿಯುವ ಮೊದಲೇ ಆ ಮನೆಯಲ್ಲಿ ನನಗೆ ಊಟ ಸಿದ್ಧವಾಗಿತ್ತು ಎಂಬುದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಯುಗಾದಿ ಮುಗಿಸಿ ಮತ್ತೆ ಕೆಲಸ ಹುಡುಕಲು ಹೊರಟ ಬೆಳಿಗ್ಗೆ, ಬುಟ್ಟಿಯ ತಳದಲ್ಲಿ ಉಳಿದಿದ್ದ ರೊಟ್ಟಿಗಳನ್ನು ಎಣಿಸದೆ ಬಟ್ಟೆಯಲ್ಲಿ ಕಟ್ಟಿ, ಹಿಂಡಿಯ ಡಬ್ಬಿ ಮೇಲಿಟ್ಟು, ಪಾದಯಾತ್ರಿಗಳಿಗೆ ಹೇಳುತ್ತಿದ್ದಂತೆಯೇ ಹೇಳಿದಳು: “ಹಸಿವಾದಲ್ಲಿ ಕುಂತು ಉಣ್ಣು.”