ಒಂದೂ ಬಾಗಿಲು ಮಾಡದ ಅಪ್ಪನ ಗರಾಜು

ಹಿತ್ತಲಲ್ಲಿ ಗರಾಜ್ ಕಟ್ಟಿಸುತ್ತಿದ್ದೇನೆ ಅಂತ ಫೋನಿನಲ್ಲಿ ಹೇಳಿದ್ದಕ್ಕೆ ಅಪ್ಪ ಕೇಳಿದ್ದು ಇಷ್ಟೇ. "ಎಂತಕ್ಕೆ ಮಾರಾಯ, ಮೂರನೇ ಕಾರು ತಗೊಂಡ್ಯಾ?"

ಕಾರಿಗಲ್ಲ, ಮರಗೆಲಸ ಮಾಡೋಕೆ ಅಂದೆ. ತೀರ್ಥಹಳ್ಳಿ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ, "ಆಫೀಸ್ ಕೆಲಸ ಎಲ್ಲ ಸರಿ ಇದ್ಯಲ್ಲ?" ಅಂದರು. ಮಗನ ಕೆಲಸ ಹೋಗಿದೆ, ಅದಕ್ಕೇ ಬಡಗಿಯಾಗಲು ಹೊರಟಿದ್ದಾನೆ ಅಂತ ಗಾಬರಿಯಾಗಿರಬೇಕು.

ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ, ಮಿನಿಯಾಪೊಲಿಸ್‌ಗೆ ಹತ್ತಿರದ ಒಂದು ಊರಲ್ಲಿ. ಚಳಿಗಾಲದಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುತ್ತದೆ. ಮನೆಗೆ ಅಂಟಿಕೊಂಡ ಗರಾಜಿನಲ್ಲಿ ಕಾರು ನಿಲ್ಲಲೇಬೇಕು. ಅಲ್ಲೇ ಮೂಲೆಯಲ್ಲಿ ಒಂದು ಸ್ಟೂಲು, ಒಂದು ಪುಸ್ತಕದ ಕಪಾಟು ಅಂತ ಏನೋ ಮಾಡಿಕೊಂಡಿದ್ದೆ. ಹೆಂಡತಿಯ ಕಾರಿನ ಮೇಲೆ ಮರದ ಪುಡಿ ಕೂತು ಕೂತು, ಕೊನೆಗೆ ಅವಳೇ "ಬೇರೆ ಕಟ್ಟಿಸ್ಕೊಳ್ಳಿ ಮಹಾರಾಯರೇ" ಅಂದಳು.

"ಆಯ ನೋಡಿಸಿದ್ಯಾ?" ಇದು ಅಪ್ಪನ ಮುಂದಿನ ಪ್ರಶ್ನೆ. ಇಲ್ಲಿ ಆಯ ನೋಡುವವರು ನಗರಸಭೆಯವರು. 200 ಚದರ ಅಡಿಯೊಳಗಿನ ಶೆಡ್ ಆದರೆ ಕಟ್ಟಡದ ಪರವಾನಗಿ ಬೇಡ. ನಮ್ಮದು 24 ಅಡಿಗೆ 24 ಅಡಿ, ಅಂದರೆ 576 ಚದರ ಅಡಿ. ಹಾಗಾಗಿ ನಕ್ಷೆ ಬರೆದುಕೊಡಬೇಕು, ಬೇಲಿಯಿಂದ ಎಷ್ಟು ಅಡಿ ಬಿಟ್ಟಿದ್ದೀರಿ, ಎತ್ತರ ಎಷ್ಟು ಅಂತ ಎಲ್ಲ ತೋರಿಸಬೇಕು. ತೋರಿಸಿದೆವು, ಒಪ್ಪಿಗೆಯೂ ಸಿಕ್ಕಿತು. ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಾಗಲಿಲ್ಲ ಅಂತ ಅಪ್ಪನಿಗೆ ಹೇಳಿದರೆ ನಂಬಲು ಸ್ವಲ್ಪ ಕಷ್ಟಪಟ್ಟರು.

ನೆಲ ಅಗೆಯುವ ಮೊದಲು 811ಕ್ಕೆ ಫೋನ್ ಮಾಡಬೇಕು. ಪುಕ್ಕಟೆ. ಅವರು ಬಂದು, ನೆಲದಡಿ ಪೈಪು, ತಂತಿ ಇರುವ ಕಡೆಯೆಲ್ಲ ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ. ಕೆಂಪು ಅಂದರೆ ಕರೆಂಟು, ಹಳದಿ ಅಂದರೆ ಗ್ಯಾಸು, ನೀಲಿ ಕುಡಿಯುವ ನೀರು, ಕಿತ್ತಳೆ ಫೋನ್ ಮತ್ತು ಇಂಟರ್ನೆಟ್ಟು, ಹಸಿರು ಕೊಳಚೆ ಪೈಪು. ಒಂಬತ್ತು ವರ್ಷದ ಮಗಳು ಅದನ್ನು ರಂಗೋಲಿ ಅಂತ ಫೋಟೋ ತೆಗೆದು ಅಜ್ಜಿಗೆ ಕಳಿಸಿದಳು. ಬೆಂಗಳೂರಲ್ಲಿದ್ದಾಗ ನಮ್ಮ ರಸ್ತೆಯಲ್ಲಿ ಕೇಬಲ್‌ನವರು ಅಗೆದರೆ ನೀರಿನ ಪೈಪು ಹೋಗುತ್ತಿತ್ತು, ನೀರಿನವರು ಅಗೆದರೆ ಕೇಬಲ್ಲು. ಒಂದು ಡಬ್ಬ ಬಣ್ಣದಲ್ಲಿ ಮುಗಿಯುವ ಕೆಲಸ ಅದು ಅಂತ ನೋಡಿದಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಪಾಯದ ವಿಷಯದಲ್ಲಿ ಮಾತ್ರ ಅಪ್ಪ ನನ್ನನ್ನು ಸುಲಭಕ್ಕೆ ಬಿಡಲಿಲ್ಲ. ಮಣ್ಣಿನ ನೀರು ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಉಬ್ಬಿದರೆ ಮೇಲಿನ ಗೋಡೆಯನ್ನೇ ಎತ್ತುತ್ತದೆ. ಅದಕ್ಕೆ ನಮ್ಮ ಭಾಗದಲ್ಲಿ ಮನೆಯ ಪಾಯ 42 ಇಂಚು ಆಳಕ್ಕೆ ಹೋಗಬೇಕು. ಆದರೆ ಮನೆಯಿಂದ ದೂರ ನಿಂತ ಒಂದೇ ಅಂತಸ್ತಿನ ಗರಾಜಿಗೆ, ಅದು 1000 ಚದರ ಅಡಿ ದಾಟದಿದ್ದರೆ, ವಿನಾಯಿತಿ ಇದೆ. ಜಲ್ಲಿ ಹಾಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಂಬಿ ಕಟ್ಟಿ, ಮೇಲೆ ಕಾಂಕ್ರೀಟ್ ಸುರಿದರೆ ಆಯಿತು. ನಡುವೆ 4 ಇಂಚು ದಪ್ಪ, ಅಂಚಿನಲ್ಲಿ ಜಾಸ್ತಿ. ಚಳಿಗೆ ನೆಲ ಎದ್ದರೆ ಇಡೀ ಚಪ್ಪಡಿ ಎದ್ದು, ಬೇಸಿಗೆಗೆ ಕೂತುಕೊಳ್ಳುತ್ತದೆ. ಕಾಂಕ್ರೀಟಿನ ಒಳಗೆ ಬೇಕಂತಲೇ ಸಣ್ಣ ಸಣ್ಣ ಗಾಳಿಗುಳ್ಳೆ ಬಿಟ್ಟಿರುತ್ತಾರೆ, ನೀರು ಹೆಪ್ಪುಗಟ್ಟಿದಾಗ ಹಿಗ್ಗಲು ಜಾಗ ಇರಲಿ ಅಂತ. ಇದನ್ನೆಲ್ಲ ಕೇಳಿ, ಆರಡಿಗೊಂದರಂತೆ ಕಾಂಕ್ರೀಟಿನಿಂದ ಮೇಲೆದ್ದ ಬೋಲ್ಟುಗಳಿಗೆ ಮರದ ಗೋಡೆ ಬಿಗಿಯುವುದನ್ನು ವಿಡಿಯೋದಲ್ಲಿ ನೋಡಿ, ಕೆಂಪುಕಲ್ಲಿನ ಮನೆಯಲ್ಲಿ ಎಂಬತ್ತು ವರ್ಷ ಕಳೆದ ಅಪ್ಪ ಕೊಟ್ಟ ತೀರ್ಪು: "ಕಡ್ಡಿಪೆಟ್ಟಿಗೆ."

ಗೋಡೆ ನಿಲ್ಲಿಸಲು ನಾಲ್ಕು ಹುಡುಗರು ಬಂದಿದ್ದರು, ಈಕ್ವೆಡಾರ್ ದೇಶದವರು. ಅವರಲ್ಲೊಬ್ಬ ಕಾಂಕ್ರೀಟಿನ ಈ ತುದಿಯಲ್ಲಿ ದಾರ ಒತ್ತಿ ಹಿಡಿದ. ಇನ್ನೊಬ್ಬ ಆ ತುದಿಗೆ ಎಳೆದು ಬಿಗಿ ಮಾಡಿ, ಎರಡು ಬೆರಳಲ್ಲಿ ದಾರ ಎತ್ತಿ ಬಿಟ್ಟ. ಟಪ್ ಅಂತ ಸದ್ದಾಗಿ ನೆಲದ ಮೇಲೆ ನೀಲಿ ಗೆರೆ ಮೂಡಿತು. ಕಾಫಿ ಹಿಡಿದು ನಿಂತಿದ್ದವನು ಹಾಗೇ ನಿಂತುಬಿಟ್ಟೆ. ಊರಲ್ಲಿ ನಮ್ಮ ಬಡಗಿ ಆಚಾರ್ರು ಕೆಮ್ಮಣ್ಣಿನ ನೀರಲ್ಲಿ ನೂಲು ಅದ್ದಿ ಹಲಸಿನ ಹಲಗೆ ಮೇಲೆ ಹೀಗೇ ಹೊಡೆಯುತ್ತಿದ್ದರು. ಇನ್ನೊಂದು ತುದಿ ಹಿಡಿಯಲು ನನ್ನನ್ನೇ ಕರೆಯುತ್ತಿದ್ದರು. "ಅಲ್ಲಾಡಿಸಬೇಡಿ ಸಣ್ಣಯ್ಯ, ಗೆರೆ ಕುಡಿದು ಬಂದ ಹಾಗೆ ಹೋಗ್ತದೆ" ಅನ್ನುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಅವರು ನಮ್ಮ ಮನೆಗೆ ಬರುತ್ತಿದ್ದರು. ಕೊಟ್ಟಿಗೆಯ ಪಕ್ಕದ ಸೋಗೆ ಮಾಡಿನ ಕೆಳಗೆ ಕೆಲಸ. ಮೇಜಿಲ್ಲ, ಬೆಂಚಿಲ್ಲ. ನೆಲದ ಮೇಲೆ ಕೂತು, ಹಲಗೆಯನ್ನು ಒಂದು ಪಾದದಿಂದ ಒತ್ತಿ ಹಿಡಿದು ಹತ್ತರಿ ಹೊಡೆಯುತ್ತಿದ್ದರು. ಹಸಿ ಹಲಸಿನ ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ಮೊಣಕಾಲಿನವರೆಗೆ ಗುಡ್ಡೆಯಾಗುತ್ತಿತ್ತು. ಚೌಕಟ್ಟಿಗೆ ಮೊಳೆ ಇಲ್ಲ, ಒಂದರೊಳಗೊಂದು ಕೂರಿಸಿ ಬಿದಿರಿನ ಬೆಣೆ ಹೊಡೆದರೆ ಮುಗಿಯಿತು. ಒಮ್ಮೆ ಅವರ ಉಳಿ ಕೈಗೆತ್ತಿಕೊಂಡಿದ್ದೆ. ಅಜ್ಜಿ ಒಳಗಿಂದಲೇ ಕೂಗಿದರು, "ಓದೋ ಹುಡುಗನಿಗೆ ಅದೆಲ್ಲ ಎಂತಕ್ಕೋ?" ಆಚಾರ್ರು ನಕ್ಕು ಉಳಿ ವಾಪಸ್ ತಗೊಂಡರು. ನಮ್ಮ ಅಡುಗೆಮನೆಯ ಬಾಗಿಲು ಮಾಡಿದ್ದು ಅವರೇ. ಆ ಬಾಗಿಲು ದಾಟಿ ಒಳಗೆ ಊಟಕ್ಕೆ ಕೂತದ್ದನ್ನು ನಾನು ನೋಡಿಲ್ಲ. ಅವರ ಎಲೆ ಜಗಲಿಯಲ್ಲೇ.

ಇದನ್ನೆಲ್ಲ ಮಗಳಿಗೆ ಹೇಳಿದ್ದೆ, ಜಗಲಿಯ ಮಾತು ಬಿಟ್ಟು. ಅವಳಿಗೆ ಆಚಾರ್ರೆಂದರೆ ಭಾರೀ ಕುತೂಹಲ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ನೇರ ಅಜ್ಜನನ್ನೇ ಹಿಡಿದಳು.

"ಅಜ್ಜಾ, ಆಚಾರಿ ಅಜ್ಜನ ಗರಾಜ್ ಎಲ್ಲಿತ್ತು?"

"ಗರಾಜ್ ಎಂತದು ಪುಟ್ಟಿ, ನಮ್ಮ ಕೊಟ್ಟಿಗೆ ಪಕ್ಕ ಕೂತು ಮಾಡ್ತಿದ್ರು."

"ಅಲ್ಲಿರೋ ಬಾಗಿಲೆಲ್ಲ ಅವರೇ ಮಾಡಿದ್ದಾ?"

"ಹೂಂ. ನಮ್ಮನೇದು ಮಾತ್ರ ಅಲ್ಲ, ಆಚೆಮನೇದೂ."

ಅವಳು ನನ್ನ ಕಡೆ ತಿರುಗಿದಳು. "ಅಷ್ಟು ಬಾಗಿಲು ಮಾಡಿದೋರಿಗೆ ರೂಮೇ ಇಲ್ಲ. ಅಪ್ಪ ಒಂದೂ ಬಾಗಿಲು ಮಾಡಿಲ್ಲ. ಅಪ್ಪನಿಗೆ ಯಾಕೆ ಇಷ್ಟು ದೊಡ್ಡದು?"

ಹೆಂಡತಿ ಜೋರಾಗಿ ನಕ್ಕಳು. ಅಪ್ಪನೂ ನಕ್ಕರು. ನಾನೂ ನಕ್ಕೆ ಅನ್ನಿ, ಬೇರೆ ಏನು ಮಾಡೋದು?

ಅವತ್ತಿನಿಂದ ಗರಾಜಿಗೆ ಏನು ಕೊಳ್ಳಲು ಹೊರಟರೂ ಈ ಮಾತು ಅಡ್ಡ ಬರುತ್ತದೆ. ಒಂದು ಗರಗಸ ನೋಡಿಟ್ಟಿದ್ದೇನೆ. ಅದರ ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಬೆರಳು ತಾಗಿದರೆ ಅದು ಗೊತ್ತಾಗಿ, ಅಲ್ಯೂಮಿನಿಯಂ ಬ್ರೇಕು ಬ್ಲೇಡಿಗೆ ಕಚ್ಚಿಕೊಂಡು ಕಣ್ಣು ಮಿಟುಕಿಸುವುದರೊಳಗೆ ನಿಲ್ಲಿಸಿಬಿಡುತ್ತದೆ. ವಾರಕ್ಕೊಮ್ಮೆ ಹವ್ಯಾಸಕ್ಕೆ ಮರ ಕೊಯ್ಯುವ ನನ್ನ ಬೆರಳಿಗೆ ಇಷ್ಟು ರಕ್ಷಣೆ. ಆಚಾರ್ರ ಎಡಗೈ ಹೆಬ್ಬೆರಳಿನ ಉಗುರು ಉದ್ದಕ್ಕೂ ಸೀಳಿತ್ತು. ಅವರು ಅದಕ್ಕೆ ಹಚ್ಚುತ್ತಿದ್ದದ್ದು ಅರಿಶಿನ.

ಇಲ್ಲಿಯದೆಲ್ಲ ಚಿನ್ನ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಗೋಡೆ ನಿಲ್ಲಿಸಿದ ಹುಡುಗರು ಮಧ್ಯಾಹ್ನ ತಮ್ಮ ಟ್ರಕ್ಕಿನಲ್ಲೇ ಕೂತು ಡಬ್ಬಿ ಬಿಚ್ಚಿದರು. ಅವರ ಹಿರಿಯನಿಗೂ ಸ್ವಂತ ಗರಾಜಿಲ್ಲ, ಬಾಡಿಗೆ ಅಪಾರ್ಟ್‌ಮೆಂಟು. ಆದರೆ ಒಂದು ವ್ಯತ್ಯಾಸವಂತೂ ಇದೆ. ಇಲ್ಲಿ ಡಾಕ್ಟರು, ಲಾಯರು ಕೂಡ ಹಿತ್ತಲಲ್ಲಿ ಸುತ್ತಿಗೆ ಹಿಡಿದರೆ ಜನ ಮೆಚ್ಚುತ್ತಾರೆ. ನಮ್ಮಲ್ಲಿ ಓದಿದವರು ಸುತ್ತಿಗೆ ಹಿಡಿದರೆ ಮನೆಯವರಿಗೆ ಚಿಂತೆ. ಈಗ ಬೆಂಗಳೂರಲ್ಲೂ ವೀಕೆಂಡ್ ಮರಗೆಲಸದ ಕ್ಲಾಸುಗಳಿವೆ, ಸ್ನೇಹಿತನೊಬ್ಬ ದುಡ್ಡು ಕಟ್ಟಿ ಸೇರಿದ್ದಾನೆ. ಮನೆಗೆ ಬಂದ ಬಡಗಿಯ ಹತ್ತಿರ ಐನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವವನೂ ಅವನೇ.

ಆ ವಿಡಿಯೋ ಕಾಲ್‌ನ ಮಾರನೇ ದಿನ ಅಪ್ಪ ತಾವಾಗಿಯೇ ಫೋನ್ ಮಾಡಿದರು. ಅವರು ಹಾಗೆ ಮಾಡುವುದು ಕಡಿಮೆ. "ಮಗು ಕೇಳಿದ್ದಕ್ಕೆ ಹೇಳ್ತಿದೀನಿ. ಆಚಾರ್ರಿಗೆ ನಾವೇನೂ ಕಡಿಮೆ ಮಾಡಿಲ್ಲ. ಅಕ್ಕಿ, ಅಡಿಕೆ, ಹಬ್ಬಕ್ಕೆ ಪಂಚೆ, ಎಲ್ಲ ಕೊಡ್ತಿದ್ವಿ." ನಾನು ಹೂಂ ಅಂದೆ. ಎಂಬತ್ತು ದಾಟಿದವರ ಹತ್ತಿರ ಜಗಲಿಯ ವಿಷಯ ಎತ್ತಿ ವಾದ ಮಾಡುವ ಮನಸ್ಸಾಗಲಿಲ್ಲ. ಅವರೇ ಮುಂದುವರಿಸಿದರು. "ಅವರ ಮಗ ಈಗ ಶಿವಮೊಗ್ಗದಲ್ಲಿ ಮಾಡ್ಯುಲರ್ ಕಿಚನ್ ಕೆಲಸ ಮಾಡ್ತಾನೆ. ಎಲ್ಲ ಪ್ಲೈವುಡ್ಡು. ನಮ್ಮೆಲ್ಲರಿಗಿಂತ ಚೆನ್ನಾಗಿದಾನೆ. ಅವನ ಹತ್ರಾನೂ ಎರಡು ಕಾರು ಇದೆ." ನಂಬರ್ ಕಳಿಸಿ ಅಂದೆ. ಕಳಿಸಿದ್ದಾರೆ, ನಾನಿನ್ನೂ ಫೋನ್ ಮಾಡಿಲ್ಲ. ಏನಂತ ಮಾತು ಶುರು ಮಾಡೋದು?

ಗರಾಜಿನ ಕೆಲಸ ಇನ್ನೂ ಉಳಿದಿದೆ. ಮನೆಯಿಂದ ಕರೆಂಟಿನ ಪೈಪು 18 ಇಂಚು ಆಳದ ಕಾಲುವೆಯಲ್ಲಿ ಬರಬೇಕು, ಇನ್‌ಸ್ಪೆಕ್ಟರ್ ನೋಡುವವರೆಗೆ ಮಣ್ಣು ಮುಚ್ಚುವ ಹಾಗಿಲ್ಲ. ಮಗಳು ತನ್ನ ಎತ್ತರಕ್ಕೆ ಒಂದು ಕೆಲಸದ ಮೇಜು ಬೇಕೆಂದು ಹಟ ಹಿಡಿದಿದ್ದಾಳೆ. ಬಾಗಿಲು ಅವಳೇ ಮಾಡುತ್ತಾಳಂತೆ, ಗಿಣಿಗೂಡಿಗೆ. ಗಿಣಿ ಇನ್ನೂ ತಂದಿಲ್ಲ. ಅವಳ ಕೈಗೆ ಮೊದಲು ಗರಗಸ ಕೊಡೋದಾ ಹತ್ತರಿ ಕೊಡೋದಾ ಅಂತ ಮನೆಯಲ್ಲಿ ಚರ್ಚೆ ನಡೆದಿದೆ. ಎರಡೂ ಬೇಡ, ಉಪ್ಪುಕಾಗದದಿಂದ ಶುರು ಮಾಡಲಿ ಅನ್ನುವುದು ಅವಳ ಅಮ್ಮನ ವಾದ.