ರೆಡ್‌ವುಡ್ ಸಸಿಗಳು: ಈ ಬೇಸಿಗೆ ದಾಟಿದ ಮೇಲೆ

ಮನೆ ಜಾಗದಲ್ಲಿ ನೆಟ್ಟ ಕೋಸ್ಟ್ ರೆಡ್‌ವುಡ್ (ಕ್ಯಾಲಿಫೋರ್ನಿಯಾ ಕರಾವಳಿಯ ಎತ್ತರದ ಮರ) ಗಿಡಗಳಲ್ಲಿ ದೊಡ್ಡದು ಈಗ ನನ್ನ ತಲೆ ಮೀರಿದೆ. ನೆಟ್ಟಾಗ ಮೊಣಕಾಲೆತ್ತರ ಇತ್ತು. ಮೊದಲ ವರ್ಷ ಮೇಲೆ ಹೆಚ್ಚೇನೂ ಕಾಣಲಿಲ್ಲ. ಆಮೇಲೆ ಕುಡಿ ಓಡಲು ಶುರುಮಾಡಿತು. ನೀರು, ಮಣ್ಣು ಎರಡೂ ಹಿಡಿಸಿದರೆ ಎಳೆಯ ಮರ ವರ್ಷಕ್ಕೆ ಒಂದು ಮೀಟರ್‌ವರೆಗೂ ಏರುತ್ತದೆ. ಈ ಸಲ ನಮ್ಮದೂ ಅದರ ಹತ್ತಿರ ಬಂದಿದೆ. ತುಂಬಾ ಖುಷಿಯಾಗಿದೆ.

ನೋಡಲು ಬಂದವರೆಲ್ಲ ಎತ್ತರ ಕೇಳುತ್ತಾರೆ. ಸಹಜವೇ, ಅಲ್ವಾ? ಕ್ಯಾಲಿಫೋರ್ನಿಯಾದ ಹೈಪೀರಿಯನ್ ಎಂಬ ರೆಡ್‌ವುಡ್ ಸುಮಾರು 116 ಮೀಟರ್ ಇದೆ. ಬದುಕಿರುವ ಮರಗಳಲ್ಲಿ ಅದಕ್ಕಿಂತ ಎತ್ತರದ್ದು ಸಿಕ್ಕಿಲ್ಲ. ಆದರೆ ನನ್ನ ಕಣ್ಣು ಮಾತ್ರ ಬುಡದ ಮೇಲೆ. ಈ ಮರಕ್ಕೆ ತಾಯಿಬೇರು ಇಲ್ಲ. ಬೇರುಗಳು ಆಳಕ್ಕಿಂತ ಅಗಲಕ್ಕೇ ಜಾಸ್ತಿ ಹೋಗುತ್ತವೆ. ಮೇಲ್ಮಣ್ಣು ಕಾದು ಒಣಗಿದರೆ ಗಿಡ ಸೊರಗುತ್ತದೆ. ಅದರ ತವರಿನಲ್ಲಿ ಮಳೆಯಿಲ್ಲದ ಬೇಸಿಗೆಯಲ್ಲಿ ಸಮುದ್ರದ ಮಂಜು ಕೈಹಿಡಿಯುತ್ತದೆ. ಎಲೆಗಳ ಮೇಲೆ ಹನಿಗಟ್ಟಿ ಬುಡಕ್ಕೆ ತೊಟ್ಟಿಕ್ಕುತ್ತದೆ, ಸ್ವಲ್ಪವನ್ನು ಎಲೆಗಳೇ ಹೀರಿಕೊಳ್ಳುತ್ತವೆ. ಮಂಜು ಬಾರದ ಕಡೆ ಆ ಕೆಲಸ ನಮ್ಮದು.

ಅದಕ್ಕೇ ಈ ವರ್ಷದ ಶ್ರಮವೆಲ್ಲ ಹೊದಿಕೆಗೆ ಹೋಯಿತು. ಕೊಂಬೆಯ ಚೂರು, ಒಣಗಿದ ಎಲೆ ಸೇರಿಸಿ ದಪ್ಪಗೆ ಹರಡಿದ್ದೇನೆ. ಕಾಂಡಕ್ಕೆ ಮಾತ್ರ ತಾಗಿಸಿಲ್ಲ, ತಾಗಿದರೆ ತೊಗಟೆ ಕೊಳೆಯಬಹುದು. ಮೊನ್ನೆ ಒಂದು ಕಡೆ ಹೊದಿಕೆ ಸರಿಸಿ ನೋಡಿದೆ. ಕೆಳಗಿನ ಚೂರುಗಳು ಕಪ್ಪಾಗಿ ಮೆತ್ತಗಾಗಿವೆ, ನಡುವೆ ಬಿಳಿ ಶಿಲೀಂಧ್ರದ ಎಳೆಗಳು. ಸಣ್ಣ ಬೇರುಗಳು ಮಣ್ಣು ಬಿಟ್ಟು ಆ ಹೊದಿಕೆಯೊಳಗೇ ಹತ್ತಿ ಬಂದಿವೆ! ಇನ್ನು ಅಲ್ಲಿ ಗುದ್ದಲಿ ಆಡಿಸುವಂತಿಲ್ಲ. ಕಳೆಯನ್ನು ಕೈಯಲ್ಲೇ ಕೀಳುತ್ತೇನೆ. ಡ್ರಿಪ್ ಪೈಪನ್ನೂ ಕಾಂಡದ ಪಕ್ಕದಿಂದ ಕೊಂಬೆಗಳ ಅಂಚಿಗೆ ಸರಿಸಿದ್ದೇನೆ.

ಒಳಗಿನ ಹಳೇ ಎಲೆಗಳು ಕಂದಾಗಿ ಪುಟ್ಟ ಕಡ್ಡಿಯ ಸಮೇತ ಉದುರುತ್ತಿವೆ. ಅದಕ್ಕೆ ಹೆದರಬೇಕಿಲ್ಲ. ಕುಡಿಯ ತುದಿ ಕಂದಾದರೆ ಮಾತ್ರ ಮೊದಲು ನೀರಿನ ಕಡೆ ನೋಡಬೇಕು.

ಬೀಜದ ತಟ್ಟೆಯಲ್ಲಿ ಮೊಳಕೆ ಕಡಿಮೆ. ಈ ಮರದ ಬೀಜಗಳಲ್ಲಿ ಜೊಳ್ಳೇ ಜಾಸ್ತಿ. ಬುಡದಲ್ಲಿ ಒಡೆದ ಚಿಗುರಿನ ತುಂಡುಗಳು ಚೆನ್ನಾಗಿ ಬೇರು ಬಿಟ್ಟು ನೆಟ್ಟಗೆ ನಿಂತಿವೆ. ಪಕ್ಕದ ಕೊಂಬೆಯಿಂದ ತೆಗೆದವು ಇನ್ನೂ ಅಡ್ಡಡ್ಡ ಬೆಳೆಯುತ್ತಿವೆ.

ತೇವ ಜಾಸ್ತಿ ಇರುವ ಮೂಲೆಯಲ್ಲಿ ಇದರದೇ ಬಳಗದ ಡಾನ್ ರೆಡ್‌ವುಡ್ ಇದೆ. ಈ ಕುಲಕ್ಕೆ 1941ರಲ್ಲಿ ಹೆಸರಿಟ್ಟಿದ್ದು ಪಳೆಯುಳಿಕೆ ನೋಡಿ. ಬದುಕಿರುವ ಮರಗಳು ಚೀನಾದಲ್ಲಿವೆ ಎಂದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ಅದರ ಒಂದು ಸಸಿ ನಮ್ಮ ಜಾಗದಲ್ಲಿದೆ ಅನ್ನೋದೇ ನನಗೆ ದೊಡ್ಡ ವಿಷಯ. ಚಳಿಗಾಲದಲ್ಲಿ ಪೂರ್ತಿ ಎಲೆ ಉದುರಿಸಿ ಒಣಗಿದಂತೆ ನಿಲ್ಲುತ್ತದೆ. ಉಗುರಿನಲ್ಲಿ ಚೂರು ಕೆರೆದರೆ ಒಳಗೆ ಹಸಿರು ಕಾಣುತ್ತದೆ. ಹಾಗಾಗಿ ಸುಮ್ನೆ ಕಿತ್ತು ಹಾಕಬೇಡಿ.

ಬಿಸಿಲು ಇಳಿದ ಮೇಲೆ ಕುಂಡದ ಸಸಿಗಳನ್ನು ನೆಲಕ್ಕೆ ಇಳಿಸಬೇಕು. ಗೋಡೆ, ಚರಂಡಿ ಪೈಪುಗಳಿಂದ ಸಾಕಷ್ಟು ದೂರ ಜಾಗ ಗುರುತು ಮಾಡಿದ್ದೇನೆ. ಒಂಟಿಯಾಗಿ ಬೇಡ, ಗುಂಪಾಗಿ ನೆಡುತ್ತೇನೆ. ಅಕ್ಕಪಕ್ಕದ ಬೇರುಗಳು ಹೆಣೆದುಕೊಂಡರೆ ಗಾಳಿಗೆ ತಡೆಯುತ್ತವೆ. ಹೊದಿಕೆಗೆ ಬೇಕಾದ ಕೊಂಬೆ ಚೂರುಗಳನ್ನು ಈಗಲೇ ಕೂಡಿಡುತ್ತಿದ್ದೇನೆ.