ಕೀಬೋರ್ಡ್ ಬಿಚ್ಚೋಕೆ ಏನೇನು ತೆಗೀಬೇಕು ನೋಡಿ, ಆಮೇಲೆ ಲ್ಯಾಪ್‌ಟಾಪ್ ತಗೊಳ್ಳಿ
ಬಿಸಿನೆಸ್ ಲ್ಯಾಪ್‌ಟಾಪ್ ಯಾವ್ದು ತಗೊಳ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ಪ್ರೊಸೆಸರ್ ವಿಷ್ಯಕ್ಕೆ ಹೋಗೋದೇ ಇಲ್ಲ, ಕೀಬೋರ್ಡ್ ಕೆಟ್ರೆ ಹೇಗೆ ಬದಲಾಯಿಸ್ತೀರಾ ಅಂತ ಕೇಳ್ತೀನಿ. ದಿನವಿಡೀ ಬೆರಳು ಬೀಳೋದು ಅದ್ರ ಮೇಲೆ, ನೀರು ಚೆಲ್ಲೋದೂ ಅದ್ರ ಮೇಲೇನೇ. ಅದನ್ನ ಹೇಗೆ ಕೂರಿಸಿದಾರೆ ಅನ್ನೋದ್ರಲ್ಲೇ ಆ ಕಂಪನಿಯವ್ರು ರಿಪೇರಿ ಬಗ್ಗೆ ಎಷ್ಟು ಯೋಚ್ನೆ ಮಾಡಿದಾರೆ ಅಂತ ಗೊತ್ತಾಗಿಬಿಡುತ್ತೆ.

ಉದಾಹರಣೆಗೆ ಲೆನೋವೊದ 2018ರ ಥಿಂಕ್‌ಪ್ಯಾಡ್ ಟಿ480 ನೋಡಿ, ಕೆಳಗಡೆ ಸ್ಕ್ರೂ ಬಿಚ್ಚಿ ಕೀಬೋರ್ಡನ್ನ ಮೇಲಿಂದಾನೇ ಎತ್ತಬಹುದು, ಮದರ್‌ಬೋರ್ಡ್ ತೆಗೆಯೋ ಮಾತೇ ಇಲ್ಲ. ಹಿಂಭಾಗದ ಬ್ಯಾಟರಿ ಹೊರಗಿಂದಾನೇ ಕಳಚುತ್ತೆ, ರ್‍ಯಾಮ್‌ಗೆ ಎರಡು ಸ್ಲಾಟ್ ಇದೆ. ಅದೇ ಕಂಪನಿಯ ಎಕ್ಸ್1 ಕಾರ್ಬನ್‌ನಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಕೀಬೋರ್ಡ್ ಬದಲಾಯಿಸ್ಬೇಕು ಅಂದ್ರೆ ಹೆಚ್ಚಿನ ಮಾಡೆಲ್‌ಗಳಲ್ಲಿ ಒಳಗಿರೋದನ್ನೆಲ್ಲ ಕಿತ್ತಿಡ್ಬೇಕು. ಹಾಗಾಗಿ ಬ್ರ್ಯಾಂಡ್ ಹೆಸರು ನೋಡಿ ನಂಬೋದಲ್ಲ, ಸೀರೀಸ್ ನೋಡ್ಬೇಕು.

ಬೆಸುಗೆ ಹಾಕೋದು ಬರೀ ದುರಾಸೆಗೆ ಅಂತಾನೂ ಹೇಳೋಕಾಗಲ್ಲ, ಕಮ್ಮಿ ಕರೆಂಟ್ ತಿನ್ನೋ ಎಲ್‌ಪಿಡಿಡಿಆರ್ ಮೆಮೊರಿ ಪ್ರೊಸೆಸರ್ ಪಕ್ಕದಲ್ಲೇ ಇರ್ಬೇಕು, ಹಳೇ ಥರದ ಸ್ಲಾಟ್‌ನಲ್ಲಿ ಅದು ಕೂರಲ್ಲ. ಆದ್ರೆ ಈಗ ಅದಕ್ಕೂ ದಾರಿ ಸಿಕ್ಕಿದೆ, 2024ರ ಥಿಂಕ್‌ಪ್ಯಾಡ್ ಪಿ1 ಜೆನ್ 7ರಲ್ಲಿ ಎಲ್‌ಪಿಕ್ಯಾಮ್2 ಅನ್ನೋ ಮೆಮೊರಿ ಮಾಡ್ಯೂಲ್ ಬಂತು, ಸ್ಕ್ರೂ ಬಿಚ್ಚಿ ಬದಲಾಯಿಸಬಹುದು. ಅದೇ ವರ್ಷದ ಥಿಂಕ್‌ಪ್ಯಾಡ್ ಟಿ14 ಜೆನ್ 5ಗೆ, ಸಾಧನಗಳನ್ನ ಬಿಚ್ಚಿ ರಿಪೇರಿ ಎಷ್ಟು ಸುಲಭ ಅಂತ ಅಳೆಯೋ ಐಫಿಕ್ಸಿಟ್‌ನವ್ರು ಹತ್ತಕ್ಕೆ 9 ಅಂಕ ಕೊಟ್ರು. ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಗಟ್ಟಿತನದ ವಿಷ್ಯಕ್ಕೆ ಬಂದ್ರೆ ಎಲ್ರೂ ಎಂಐಎಲ್-ಎಸ್‌ಟಿಡಿ-810 ಅಂತ ಬರ್ಕೊಂಡಿರ್ತಾರೆ, ಅಮೆರಿಕದ ಸೇನೆಯ ಸ್ಟ್ಯಾಂಡರ್ಡ್ ಅದು ನಿಜ, ಆದ್ರೆ ಸೇನೆ ಯಾವ ಲ್ಯಾಪ್‌ಟಾಪ್‌ಗೂ ಪಾಸ್ ಸರ್ಟಿಫಿಕೇಟ್ ಕೊಡಲ್ಲ, ಅದ್ರಲ್ಲಿರೋ ಯಾವ ಟೆಸ್ಟ್ ಮಾಡ್ಬೇಕು ಅಂತ ಆರಿಸ್ಕೊಳ್ಳೋದು ಕಂಪನಿಯವ್ರೇ. ನಾನಂತೂ ಅದಕ್ಕಿಂತ ಹಿಂಜ್, ಅಂದ್ರೆ ಪರದೆ ಮಡಚೋ ಕೀಲಿನ ಸ್ಕ್ರೂ ಲೋಹಕ್ಕೆ ಕೂತಿದ್ಯಾ ಪ್ಲಾಸ್ಟಿಕ್‌ಗೆ ಕೂತಿದ್ಯಾ, ಚಾರ್ಜಿಂಗ್ ಪೋರ್ಟ್ ಮದರ್‌ಬೋರ್ಡಿಗೆ ಸೇರಿರದೇ ಬೇರೆ ಭಾಗವಾಗಿದ್ಯಾ ಅಂತ ನೋಡ್ತೀನಿ.

ಇನ್ನು ಟೈಪಿಂಗ್. ಥಿಂಕ್‌ಪ್ಯಾಡ್‌ಗಳಲ್ಲಿ 2011ರ ಎಕ್ಸ್220, ಟಿ420 ತನಕ ಏಳು ಸಾಲಿನ ಕೀಬೋರ್ಡ್ ಇತ್ತು, 2012ರಲ್ಲಿ ಆರು ಸಾಲಾಯ್ತು, ಒತ್ತಿದ್ರೆ ಒಳಗೆ ಹೋಗೋ ಆಳಾನೂ ಆಮೇಲೆ 1.8 ಮಿ.ಮೀ.ಯಿಂದ 1.5ಕ್ಕೆ ಇಳೀತು. 1.5 ಇದ್ರೂ ನಂಗೆ ಬೇಜಾರಿಲ್ಲ, ಸುಲಭವಾಗಿ ಬಿಚ್ಚಿ ರಿಪೇರಿ ಮಾಡೋಕೆ ಅಂತಾನೇ ಮಾಡಿರೋ ಫ್ರೇಮ್‌ವರ್ಕ್ ಕಂಪನಿ ಲ್ಯಾಪ್‌ಟಾಪ್‌ದೂ ಅಷ್ಟೇ, ಕೆಳಗಿನ ತಗಡು ಬಳುಕದೇ ಇದ್ರೆ ಆರಾಮಾಗಿ ಟೈಪ್ ಮಾಡಬಹುದು. ಆದ್ರೆ ಹೋಮ್, ಎಂಡ್ ಕೀಗಳನ್ನ ಎಫ್‌ಎನ್ ಕೀ ಜೊತೆ ಒತ್ತೋ ಹಾಗೆ ಮಾಡೋದು, ಆ್ಯರೋ ಕೀ ಅರ್ಧ ಸೈಜಿಗೆ ಇಳಿಸೋದು, ಇವು ದಿನಾ ಬರೆಯೋವ್ರಿಗೆ ನಿಜವಾದ ತೊಂದ್ರೆ. ಕೀಬೋರ್ಡ್ ಮಧ್ಯದಲ್ಲಿ ಟ್ರ್ಯಾಕ್‌ಪಾಯಿಂಟ್ ಅನ್ನೋ ಪುಟ್ಟ ಕೆಂಪು ಗುಂಡಿ ಇದ್ರೆ ಕೈ ಎತ್ತದೇ ಮೌಸ್ ಆಡಿಸಬಹುದು, ಅಭ್ಯಾಸ ಆದವ್ರು ಬಿಡಲ್ಲ.

ಲೆನೋವೊ, ಡೆಲ್, ಎಚ್‌ಪಿ ಮೂರೂ ಬಿಸಿನೆಸ್ ಮಾಡೆಲ್‌ಗಳ ಸರ್ವಿಸ್ ಮ್ಯಾನ್ಯುಯಲ್ ಫ್ರೀಯಾಗಿ ಕೊಡ್ತವೆ, ದುಡ್ಡು ಕೊಡೋ ಮುಂಚೆ ಡೌನ್‌ಲೋಡ್ ಮಾಡ್ಕೊಂಡು ಕೀಬೋರ್ಡ್ ತೆಗೆಯೋ ಪುಟ ತೆಗೀರಿ, ಅದಕ್ಕೆ ಮುಂಚೆ ಏನೇನು ತೆಗೀಬೇಕು ಅಂತ ಪಟ್ಟಿ ಇರುತ್ತೆ. ಆ ಪಟ್ಟೀಲಿ ಮದರ್‌ಬೋರ್ಡ್ ಇದ್ರೆ ಬೇರೆ ಮಾಡೆಲ್ ನೋಡಿ.